ಮೊದಲ ಗುಟುಕು ತಾಯಿಯದು

ಮಾರ್ಚ್ ಒಂಬತ್ತರ ಮಧ್ಯಾಹ್ನ ಆಒಮೊರಿ ಕಡಲತೀರದ ಬಂದರು ಠಾಣೆಗೆ ಮದ್ಯದಂಗಡಿಯ ಸದಾಕೊ ಏಪ್ರನ್ ಕೂಡ ಕಳಚದೆ ಬಂದಳು. ಅವಳ ಅಂಗಡಿಯಲ್ಲಿ ನಿಂತುಕೊಂಡೇ ಅಕ್ಕಿಯ ಮದ್ಯ ಸಾಕೆ ಕುಡಿಯುತ್ತಿದ್ದ ಟೊಮೊಹಿಕೊ ಕಸಾಯ್ ಎಂಬ ಮೂವತ್ತನಾಲ್ಕರ ಗಿರಾಕಿ ಅರ್ಧ ಲೋಟಕ್ಕೇ ಮುಖ ಕೆಂಡವಾಗಿ, ಉಸಿರು ಕಟ್ಟಿ ಬಿದ್ದಿದ್ದ. ಈಗ ಆಸ್ಪತ್ರೆಯಲ್ಲಿದ್ದ.

“ಎರಡು ಬಾಟ್ಲಿ ಇಳಿಸಿದ್ರೂ ನೆಟ್ಟಗೆ ಮನೆಗ್ ಹೋಗೋ ಪ್ರಾಣಿ ಸಾಹೇಬ್ರೇ. ಜನ ಈಗ ನನ್ನ ಬಾಟ್ಲೀಲೇ ವಿಷ ಇತ್ತು ಅಂತಾರೆ. ಬೇಕಾದ್ರೆ ನೀವೇ ಬಂದು ಕುಡಿದು ನೋಡಿ.”

“ಡ್ಯೂಟಿಲಿದ್ದೀನಿ,” ಎಂದರು ಇನ್ಸ್‌ಪೆಕ್ಟರ್ ಹತಕೆಯಾಮ.

ಗಿರಾಕಿಯ ಹೆಸರು ಅವರಿಗೆ ಗೊತ್ತಿತ್ತು. ಆ ಚಳಿಗಾಲದಲ್ಲಿ ಟೊಮೊಹಿಕೊನನ್ನು ಬೀದಿಯಿಂದ ಎತ್ತಿ ತಂದು ಠಾಣೆಯ ಕುಡುಕರ ಕೋಣೆಯಲ್ಲಿ ಹಲವು ಸಲ ಮಲಗಿಸಿದ್ದರು. ಬೆಳಗಾದರೆ ತಾಯಿ ಫುಸಾ ಬಂದು, ಒಂದೊಂದು ಮೇಜಿಗೂ ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಮಗನನ್ನು ಕರೆದೊಯ್ಯುತ್ತಿದ್ದಳು.

ಅಂಗಡಿಯ ಪಂಚನಾಮೆಯಾಯಿತು. ಬಾಟಲಿಯಲ್ಲಿ ಅಕ್ಕಿಯ ಮದ್ಯ ಬಿಟ್ಟು ಬೇರೇನೂ ಇಲ್ಲವೆಂದು ಪ್ರಯೋಗಾಲಯ ತಿಳಿಸಿತು. ಆದರೆ ಟೊಮೊಹಿಕೊನ ರಕ್ತದಲ್ಲಿ, ಮೈಗೆ ಮದ್ಯ ಒಗ್ಗದಂತೆ ಮಾಡುವ ಔಷಧಿ ಇತ್ತು. ಬಣ್ಣವಿಲ್ಲದ, ರುಚಿಯಿಲ್ಲದ ದ್ರವ. ಕುಡಿತ ಬಿಡುವವರಿಗೆ ವೈದ್ಯರ ಚೀಟಿಯ ಮೇಲೆ ಮಾತ್ರ ಸಿಗುವಂಥದ್ದು.

ಅವನಿಗೆ ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಪೇದೆ ಒಸನೈ ಎರಡು ಕಡೆ ವಿಚಾರಿಸಿ ಬಂದಳು. ಅವನ ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ತಾಯಿ ಮನೋರೋಗದ ಆಸ್ಪತ್ರೆಗೆ ಕರೆದೊಯ್ದಾಗ, ಮೊದಲು ಕುಡಿತ ಬಿಡಿಸಿ ತನ್ನಿ ಎಂದಿದ್ದರು. ಕುಡಿತ ಬಿಡಿಸುವಲ್ಲಿ, ಮೊದಲು ಆ ದನಿಗಳನ್ನು ನಿಲ್ಲಿಸಿಕೊಂಡು ಬನ್ನಿ ಎಂದಿದ್ದರು.

“ಚೆಂಡಾಟ ಸರ್,” ಎಂದಳು ಒಸನೈ. ಠಾಣೆಯೂ ಆ ಆಟದಲ್ಲಿತ್ತೆಂಬುದನ್ನು ಇಬ್ಬರೂ ಆಡಲಿಲ್ಲ.

ಪಕ್ಕದೂರಿನ ಚಿಕಿತ್ಸಾಲಯವೊಂದು ಅದೇ ಔಷಧಿಯನ್ನು ಕಸಾಯ್ ಹೆಸರಿನವರಿಗೆ ಕೊಟ್ಟಿತ್ತು. ರೋಗಿ ಹೆಂಗಸು. ಕುಡಿತ ಬಿಟ್ಟವರ ಸಂಘದ ಸಭೆಯಲ್ಲಿ ಅವಳು ಎದ್ದು ನಿಂತು, ತಾನು ಕುಡುಕಿ, ಕುಡಿದು ಗಂಡನ ಹೆಣದ ಮುಂದೆಯೂ ಬಿದ್ದವಳು ಎಂದು ಅತ್ತಿದ್ದಳಂತೆ. ಅಷ್ಟು ನಾಚಿಕೆ ಬಿಟ್ಟು ಹೇಳಿಕೊಂಡವಳನ್ನು ಅನುಮಾನಿಸುವುದು ಹೇಗೆ ಎಂದರು ವೈದ್ಯರು.

ನೆರೆಯವರನ್ನು ಕೇಳಿದರೆ, ಫುಸಾ ಹೊಸವರ್ಷದ ಮದ್ಯದ ಬಟ್ಟಲನ್ನೂ ತುಟಿಗೆ ತಾಗಿಸಿ ಕೆಳಗಿಡುವವಳು.

ಮಾರ್ಚ್ ಹನ್ನೆರಡರ ಬೆಳಿಗ್ಗೆ ಹತಕೆಯಾಮ ಮತ್ತು ಒಸನೈ ಅವಳ ಮನೆಗೆ ಹೋದರು. ಫುಸಾ ಬಾಗಿಲಲ್ಲೇ ಮಂಡಿಯೂರಿ, ಮಗನಿಂದ ಮತ್ತೆ ತೊಂದರೆಯಾಯಿತೇ ಎಂದು ಕೇಳಿದಳು.

“ಔಷಧಿ ಯಾವುದ್ರಲ್ಲಿ ಹಾಕ್ತಿದ್ರಿ ಅಮ್ಮಾ?” ಎಂದರು ಹತಕೆಯಾಮ.

ಫುಸಾ ಹಣೆಯನ್ನು ಚಾಪೆಗೆ ಒತ್ತಿದಳು. “ಮಿಸೊ ಸಾರಲ್ಲಿ.”

“ಎಷ್ಟು ದಿನದಿಂದ?”

“ಫೆಬ್ರವರಿ ಮಧ್ಯದಲ್ಲಿ ಶುರು ಮಾಡ್ದೆ. ಮೊದಲೆರಡು ಸಲ ಕುಡಿಯೋಕ್ ಹೋದಾಗ ಮೈ ಉರೀತು ಅಂತ ಒಂದೊಂದೇ ಗುಟುಕಿಗೆ ಬಿಟ್ ಬಂದ, ಆಮೇಲೆ ಮುಟ್ಲಿಲ್ಲ. ಮೂರು ವಾರ ಮುಟ್ದೇ ಇದ್ರೆ ಸೇರಿಸ್ಕೊತೀವಿ ಅಂತ ಮನೋರೋಗದ ಆಸ್ಪತ್ರೆಯವ್ರು ಅಂದಿದ್ರು. ಎರಡು ವಾರ ದಾಟಿತ್ತು ಸಾಹೇಬ್ರೇ.”

“ಅವನಿಗೆ ಅನುಮಾನ ಬರ್ಲಿಲ್ವಾ?”

ಕಿವಿಯೊಳಗಿನವರು ವರ್ಷಗಳಿಂದ ಅವನಿಗೆ ಹೇಳುತ್ತಿದ್ದುದು ಒಂದೇ ಮಾತಂತೆ: ನಿನ್ನ ತಾಯಿ ಸಾರಿಗೆ ವಿಷ ಹಾಕುತ್ತಾಳೆ. ಅದಕ್ಕೇ ಪ್ರತಿ ಬೆಳಿಗ್ಗೆ ಅವನ ಬಟ್ಟಲಿಂದ ಮೊದಲ ಗುಟುಕು ಅವಳೇ ಕುಡಿದು ತೋರಿಸುತ್ತಿದ್ದಳು. ಔಷಧಿ ಹಾಕಿದ ಮೇಲೂ ತಪ್ಪಿಸಲಿಲ್ಲ. ಮದ್ಯ ಮುಟ್ಟದವಳಿಗೆ ಅದು ಏನೂ ಮಾಡುವುದಿಲ್ಲ.

“ಅವರು ಸುಳ್ಳು ಹೇಳ್ತಾರೆ ಮಗಾ, ನೋಡು ಅಂತಿದ್ದೆ. ಸುಳ್ಳನ್ನ ನಾನೇ ನಿಜ ಮಾಡ್ಬಿಟ್ಟೆ.”

ದೇಹಕ್ಕೆ ಹಾನಿ ಮಾಡಿದ ಆರೋಪದ ಮೇಲೆ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಬಂಧನವಾಯಿತು. ನೆರೆಯವರು ಪರದೆಯ ಹಿಂದಿದ್ದರು. ಕೋಳ ಕಾಣದಿರಲೆಂದು ಒಸನೈ ತನ್ನ ಕೋಟು ಹೊದಿಸಿದಳು. ಠಾಣೆಯ ಕಾರಿನಲ್ಲಿ ಹತಕೆಯಾಮ, ಇವನಿಗೆ ಮನೋರೋಗದ ಚಿಕಿತ್ಸೆ ಬೇಕೆಂದು ಠಾಣೆ ಬರೆದ ಸೂಚನೆಯ ಮೇಲೆ ಜಿಲ್ಲೆಯ ದೊಡ್ಡಾಸ್ಪತ್ರೆ ಟೊಮೊಹಿಕೊನನ್ನು ಸೇರಿಸಿಕೊಂಡಿದೆ ಎಂದರು.

“ಯಾವುದಕ್ಕೆ?” ಎಂದಳು ಫುಸಾ.

“ಎರಡಕ್ಕೂ. ಒಟ್ಟಿಗೇ ನೋಡ್ಬೇಕಂತೆ. ಒಂದು ಇನ್ನೊಂದಕ್ಕಾಗಿ ಕಾಯಲ್ಲ ಅಂದ್ರು ಡಾಕ್ಟರು.”

“ಆ ಸೂಚನೆ, ಮುಂಚೆನೂ ಕೊಡಬಹುದಿತ್ತಾ?”

ಕೊಡಬಹುದಿತ್ತು. ಕುಡಿದ ಅಮಲು ಎಂದು ಬರೆದು ಪ್ರತಿ ಸಲವೂ ಸಹಿ ಹಾಕಿದವರು ಅವರೇ. ಹತಕೆಯಾಮ ಕಿಟಕಿಯ ಕಡೆ ತಿರುಗಿದರು. ಫುಸಾ ತೊಂದರೆ ಕೊಟ್ಟೆ ಎಂದು ಅವರಿಗೇ ತಲೆ ಬಾಗಿಸಿದಳು.

ಸಂಜೆ ಹತಕೆಯಾಮ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದರು. ಸಾರಿಗೆ ಬೆರೆಸಿದವರು ಯಾರೆಂದು ಟೊಮೊಹಿಕೊನಿಗೆ ತಿಳಿಸಲೇಬೇಕಿತ್ತು. ಅವನು ಸಿಟ್ಟಾಗಲಿಲ್ಲ.

“ಅಮ್ಮ ವಿಷ ಹಾಕ್ತಾಳೆ ಅಂತ ಜನವರಿಲೇ ಠಾಣೇಲಿ ನಿಮ್ಗೆ ಹೇಳಿದ್ನಲ್ಲ,” ಎಂದ. “ಆಗ ಅವಳು ಏನೂ ಹಾಕ್ತಿರ್ಲಿಲ್ಲ, ಅದು ಕಿವಿಯೊಳಗಿನವ್ರ ಮಾತು. ನೀವು ಮಲ್ಕೊಳೋ ಅಂದ್ರಿ.”