ಹತ್ತು ಯೂರೋ ಒಳಗಿನ ವ್ಯಾಪಾರ

ಗಿರಾಕಿ ಕಾರ್ಡ್ ತೆಗೆದಾಗಲೆಲ್ಲ ಝೀಸಿಸ್‌ಗೆ ಮೈಚರ್ಮ ಸುಲಿದಂತಾಗುತ್ತಿತ್ತು. ಗ್ರೀಸಿನ ಕವಾಲಾ ಬಂದರಿನ ಮೇಲ್ಗಡೆಯ ಓಣಿಯಲ್ಲಿ ಅಪ್ಪ ಬಿಟ್ಟುಹೋದ ಕಾಫಿಪುಡಿ ಅಂಗಡಿ ಅವನದೂ ತಂಗಿ ಅರ್ಗಿರೋಳದೂ. ಬೀಜ ಹುರಿದು ಬೆವರು ಸುರಿಸುವವನು ಅವನು. ಪಾಲು ಮಾತ್ರ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಕಾರ್ಡ್ ಕಂಪನಿಗೆ, ಯಂತ್ರ ಇಟ್ಟವರಿಗೆ. ನೂರಕ್ಕಿಷ್ಟು ಎಂದು ಹೋಗುವುದಲ್ಲದೆ ಪ್ರತಿ ಸಲ ಯೂರೋದ ಚಿಲ್ಲರೆಯಾದ ಸೆಂಟು ಒಂದಷ್ಟು ಬೇರೆ. ಸಣ್ಣ ವ್ಯಾಪಾರದ ಲಾಭವನ್ನೆಲ್ಲ ಆ ಸೆಂಟುಗಳೇ ನುಂಗುತ್ತಿದ್ದವು. ಅದಕ್ಕೇ ಹತ್ತು ಯೂರೋ ಒಳಗೆ ಕಾರ್ಡ್ ಇಲ್ಲವೆಂದು ಬರೆದು ಗಲ್ಲಾದ ಮೇಲೆ ಅಂಟಿಸಿದ್ದ.

ಅದನ್ನು ಕಿತ್ತುಹಾಕು ಎಂದು ತಂಗಿ ಹೇಳುತ್ತಲೇ ಇದ್ದಳು. ಕೇಳದಿದ್ದರೆ ತನ್ನ ಅರ್ಧ ಪಾಲು ಮಾರಿಬಿಡುವುದಾಗಿ ಈಸ್ಟರ್ ಊಟದಲ್ಲಿ ಹೇಳಿದಳು.

“ನಾಲ್ಕು ಕಾಸು ಹೋದ್ರೆ ಸಾಯ್ತೀಯೇನೋ ಅಣ್ಣ?” ಎಂದು ನಕ್ಕು, ಕುರಿಮಾಂಸದ ಒಳ್ಳೆಯ ತುಂಡನ್ನು ಅವನ ತಟ್ಟೆಗೇ ಹಾಕಿದಳು.

ಅವನು ಅದನ್ನು ಅಗಿಯುತ್ತಲೇ ಯೋಚಿಸಿದ.

ಅಂಗಡಿಯ ಹಿಂಬಾಗಿಲಿನಿಂದ ಮೆಟ್ಟಿಲು ನೇರ ತಾರಸಿಗೆ. ಮಧ್ಯಾಹ್ನ ಓಣಿಯೆಲ್ಲ ಮಲಗಿರುತ್ತದೆ. ಅರ್ಗಿರೋ ಬಟ್ಟೆ ಒಣಹಾಕುವುದು ಆಗಲೇ. ತಾರಸಿಯ ಅಂಚಿನ ಗೋಡೆ ಮೊಣಕಾಲೆತ್ತರ. ಆ ಹೊತ್ತಿಗೆ ತಾನು ಗಲ್ಲಾದಲ್ಲೇ ಇದ್ದೆನೆಂದು ಸಾಕ್ಷಿ ಹೇಳಲು ಯಂತ್ರವೇ ಇತ್ತು: ತಂತಿಯಿಲ್ಲದ್ದು, ಜೇಬಿನಲ್ಲಿ ಹಿಡಿಸುವಂಥದ್ದು. ಗಡಿಯಾಚೆ ಬಲ್ಗೇರಿಯಾದಿಂದ ನಗದು ಕೊಟ್ಟು ತಂದ, ಮೊದಲೇ ದುಡ್ಡು ತುಂಬಿದ ಹೆಸರಿಲ್ಲದ ಕಾರ್ಡುಗಳನ್ನು ಅದಕ್ಕೆ ಮುಟ್ಟಿಸುತ್ತ ಮೆಟ್ಟಿಲು ಹತ್ತಿದರಾಯಿತು. ಪ್ರವಾಸಿಗಳ ವ್ಯಾಪಾರವೆಂದೇ ದಾಖಲಾಗುತ್ತದೆ. ದೊಡ್ಡ ಮೊತ್ತ ಹಾಕಿದರೆ ತನ್ನದೇ ದುಡ್ಡಿನಲ್ಲಿ ಬ್ಯಾಂಕಿಗೆ ದೊಡ್ಡ ಪಾಲು ಹೋಗುತ್ತಿತ್ತು. ಅದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಒಂದೊಂದು ಲುಕುಮಿ ಮಿಠಾಯಿ ಪೊಟ್ಟಣದ ಬೆಲೆ ಸಾಕು.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಅರ್ಗಿರೋ ಅವನದೇ ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು.

“ಕಡಲೆ ಬೆಂದಿದೆ, ಬಿಸಿ ಇರೋವಾಗ್ಲೇ ತಿನ್ನು,” ಎಂದಳು, ತಿರುಗಿ ನೋಡದೆ.

ತಳ್ಳಿದ. ಇಳಿಯುತ್ತ ಇನ್ನೊಂದು ಕಾರ್ಡ್ ಮುಟ್ಟಿಸಿದ. ಹೆಣ ಒಯ್ದು ಜನ ಚದುರಿದ ಮೇಲೆ ಕಡಲೆ ತಿಂದ. ಇನ್ನೂ ಬೆಚ್ಚಗಿತ್ತು.

ಮರುದಿನ ಬಂದ ಪೊಲೀಸ್ ಅಧಿಕಾರಿ ನಡುವಯಸ್ಸಿನ ಹೆಂಗಸು. ಆ ಮಧ್ಯಾಹ್ನ ಯಂತ್ರದಿಂದ ಬಂದ ಚೀಟಿಗಳನ್ನು ನೋಡಿ, ಹೊತ್ತು ತಾಳೆಯಾಗುತ್ತದೆ ಎಂದು ತಲೆಯಾಡಿಸಿದಳು. ಸಮಾಧಾನದ ಮಾತೂ ಹೇಳಿ ಎದ್ದಳು. ಹೊರಡುವಾಗ ಮಗಳಿಗೆಂದು ಲುಕುಮಿಯ ಒಂದು ಪೊಟ್ಟಣ ಎತ್ತಿಕೊಂಡು ಕಾರ್ಡ್ ಚಾಚಿದಳು. ವರ್ಷಗಟ್ಟಲೆ ಹೇಳಿ ರೂಢಿಯಾದ ಮಾತು ಝೀಸಿಸ್‌ನ ಬಾಯಿಂದ ತಾನಾಗಿ ಬಂತು: “ಹತ್ತು ಯೂರೋ ಒಳಗೆ ಕಾರ್ಡ್ ನಡಿಯಲ್ಲಮ್ಮ, ಚಿಲ್ಲರೆ ಕೊಡಿ.” ಯಾರಿಗೂ ಇಲ್ಲವೇ ಎಂದು ಅವಳು ಕೇಳಿದಳು. “ನಮ್ಮಪ್ಪ ಎದ್ದು ಬಂದ್ರೂ ಇಲ್ಲ,” ಎಂದ, ಹೆಮ್ಮೆಯಿಂದಲೇ. ಚಾಚಿದ ಕೈಯನ್ನು ಅವಳು ಹಿಂತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿದ್ದ ಚೀಟಿಗಳನ್ನು ಮತ್ತೆ ಮೊದಲಿನಿಂದ, ಈ ಸಲ ಗಟ್ಟಿಯಾಗಿ, ಓದತೊಡಗಿದಳು: ಎರಡು ಯೂರೋ, ಎರಡು ಯೂರೋ, ಎರಡು ಯೂರೋ.