ಊಟಕ್ಕೆ ಮುಂಚೆ ಕಣ್ಣು ಮುಚ್ಚುವವನು

"ರೀ ಎಕ್ಸ್-ರೇ ಸಾಹೇಬ್ರೇ! ನನ್ನ ಅಡುಗೆ ಅಂದ್ರೆ ಅಷ್ಟೊಂದು ಭಯಾನಾ ನಿಮಗೆ?"

ಆಸ್ಪತ್ರೆಯ ಕ್ಯಾಂಟೀನ್ ಗಪ್‌ಚುಪ್ಪಾಯಿತು. ಸೌಟು ಹಿಡಿದೇ ಬಂದು ನಿಂತಿದ್ದಳು ಅಡುಗೆಯ ಹುಡುಗಿ. ದಿನಾ ನೋಡುತ್ತಿದ್ದಾಳೆ, ಎಕ್ಸ್-ರೇ ತೆಗೆಯುವ ಈ ಹುಡುಗ ತಟ್ಟೆ ಮುಂದಿಟ್ಟ ಕೂಡಲೇ ತಲೆ ತಗ್ಗಿಸಿ ಕಣ್ಣು ಮುಚ್ಚುತ್ತಾನೆ, ಕಷಾಯ ಕುಡಿಯಲು ಕೂತವನ ಹಾಗೆ! ಯಾವ ಅಡುಗೆಯವಳಿಗೆ ತಾನೇ ಮೈ ಉರಿಯುವುದಿಲ್ಲ?

ಅವನು ಗಾಬರಿಯಿಂದ ಕಣ್ಣು ಬಿಟ್ಟ.

"ಅಯ್ಯೋ, ಇಲ್ಲಾ ರೀ! ಪ್ರಾರ್ಥನೆ ಮಾಡ್ತಿದ್ದೆ. ನಾನು ಕ್ರಿಶ್ಚಿಯನ್."

ಅವಳು ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಗೊಳ್ಳೆಂದು ನಕ್ಕರು.

"ದಿನಾ ಮೂಳೆ ಫೋಟೋ ತೆಗೆಯೋನು, ಸತ್ತೋರು ಎದ್ದು ಬಂದ್ರು ಅಂತ ನಂಬ್ತಾನಲ್ರೀ!" ಎಂದರು ಪಕ್ಕದ ಮೇಜಿನ ಡಾಕ್ಟರು.

"ಹೌದು ಡಾಕ್ಟ್ರೇ, ನಂಬ್ತೀನಿ," ಎಂದು ಅವನೂ ನಕ್ಕು ಊಟ ಶುರುಮಾಡಿದ. ಮುನಿಸಿಲ್ಲ, ಕೂಗಾಟವಿಲ್ಲ.

ಅದೇ ಅವಳ ತಲೆ ಕೊರೆಯತೊಡಗಿತು. ಓದಿದವನು, ಬುದ್ಧಿವಂತ... ಇಷ್ಟು ಜನ ನಕ್ಕರೂ ಬಿಡುವುದಿಲ್ಲ ಅಂದರೆ, ಅದರಲ್ಲಿ ಏನಿದೆ?

ಮಧ್ಯಾಹ್ನ ಜನ ಕರಗಿದ ಮೇಲೆ ಟೀ ಹಿಡಿದು ಎದುರಿಗೆ ಕೂತಳು.

"ಮನಸ್ಸಿನ ಸಮಾಧಾನಕ್ಕೆ ನಂಬೋದಾ?"

"ಸಮಾಧಾನ ಆಮೇಲಿನ ಮಾತು. ಶಿಲುಬೆ ಮೇಲೆ ಸತ್ತ ಯೇಸು ಮೂರನೇ ದಿನ ನಿಜವಾಗ್ಲೂ ಎದ್ದು ಬಂದ್ರು ಅಂತ ನಂಬ್ತೀನಿ. ಅದು ಸುಳ್ಳಾದ್ರೆ ನನ್ನ ನಂಬಿಕೆ ಪೂರ್ತಿ ದಂಡ."

"ನಿಜ ಅಂತ ಹೇಗೆ ಹೇಳ್ತೀರಿ?"

"ಅವರ ಸಮಾಧಿ ಖಾಲಿಯಾಗಿದ್ದನ್ನ ಮೊದಲು ನೋಡಿದ್ದು ಹೆಂಗಸರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಕಟ್ಟುಕಥೆ ಹೆಣೆಯೋರಾಗಿದ್ರೆ ಯಾರಾದ್ರೂ ದೊಡ್ಡ ಮನುಷ್ಯರನ್ನ ಸಾಕ್ಷಿಗೆ ನಿಲ್ಲಿಸ್ತಿರ್ಲಿಲ್ವಾ?"

ಅವಳು ಗಲ್ಲಕ್ಕೆ ಕೈಕೊಟ್ಟು ಕೂತಳು. 'ಅರೆ, ಇರಬಹುದಲ್ವಾ...'

"ಅಷ್ಟಕ್ಕೇ ಒಪ್ಪೋಳಲ್ಲ ನಾನು. ನಾಳೆ ಇನ್ನೊಂದು ಪ್ರಶ್ನೆ ತರ್ತೀನಿ!"

"ತನ್ನಿ. ಟೀನೂ ತನ್ನಿ."

ಆ ಪ್ರಶ್ನೆಗಳ ಮಧ್ಯೆ ಅದು ಯಾವಾಗ ಪ್ರೀತಿಯಾಯಿತೋ, ಇಬ್ಬರಿಗೂ ತಿಳಿಯಲಿಲ್ಲ. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ ಕೂಡ. ಆದರೂ ಅವನನ್ನು ಊಟಕ್ಕೆ ಮನೆಗೆ ಕರೆದಳು. ಅಪ್ಪ ನಿವೃತ್ತ ವಿಜ್ಞಾನ ಮೇಷ್ಟ್ರು, ದೇವರ ಹೆಸರೆತ್ತಿದರೆ ಹುಬ್ಬು ಗಂಟಿಕ್ಕುವವರು. ತಾಯಿಯಿಲ್ಲದ ಮಗಳನ್ನು ಸಾಕಿದ ಅಪ್ಪ ಬೇಡವೆಂದರೆ ಮುಗಿಯಿತು, ಅವಳು ಮೀರುವವಳಲ್ಲ.

"ಇವತ್ತೊಂದಿನ ಕಣ್ಣು ಮುಚ್ಬೇಡಿ... ನನಗೋಸ್ಕರ," ಎಂದು ಬಾಗಿಲಲ್ಲೇ ಪಿಸುಗುಟ್ಟಿದಳು.

ಅವನ ಮುಖ ಸಪ್ಪಗಾಯಿತು. ಚಪ್ಪಲಿ ಬಿಟ್ಟು ಒಳಗೆ ನಡೆದ.

ಬಡಿಸಿಯಾಯಿತು. ಅವನು ಅವಳನ್ನೊಮ್ಮೆ ನೋಡಿದ. ಆಮೇಲೆ ತಲೆ ತಗ್ಗಿಸಿ ಕಣ್ಣು ಮುಚ್ಚಿದ.

ಅವಳು ಅಪ್ಪನ ಕಡೆ ನೋಡಿದಳು. ಮುಗೀತು, ಎಲ್ಲಾ ಮುಗೀತು!

"ಬೆಳಗ್ಗಿಂದ ಒಲೆ ಮುಂದೆ ಬೆಂದಿದ್ದು ನನ್ನ ಮಗಳು," ಅಪ್ಪನ ದನಿ ಗಡುಸಾಗಿತ್ತು. "ಥ್ಯಾಂಕ್ಸ್ ಮಾತ್ರ ದೇವರಿಗಾ?"

"ಇವರಿಗೋಸ್ಕರಾನೇ ಹೇಳಿದ್ದು ಸರ್. ಊಟಕ್ಕೆ ಒಂದು ಥ್ಯಾಂಕ್ಸ್... ಇವರು ಸಿಕ್ಕಿದ್ದಕ್ಕೆ ಇನ್ನೊಂದು." ಅವನ ಕಿವಿ ಕೆಂಪಾಗಿತ್ತು. "ಸೌಟು ಹಿಡ್ಕೊಂಡು ಜಗಳಕ್ಕೆ ಬಂದ್ರಲ್ಲ, ಆವತ್ತಿಂದ ದಿನಾ ಹೇಳ್ತಿದೀನಿ."

ಅವಳು ತಟ್ಟನೆ ಅವನ ಕಡೆ ತಿರುಗಿದಳು. ದಿನಾನಾ?!

ಅಪ್ಪ ಒಮ್ಮೆ ಮಗಳನ್ನು, ಒಮ್ಮೆ ಅವನನ್ನು ನೋಡಿದರು.

"ದೇವರಿದಾನೆ ಅಂತ ನಾನಂತೂ ಒಪ್ಪಲ್ಲಪ್ಪ. ಆದ್ರೆ ಬಾಗಿಲಲ್ಲಿ ಇವಳು ಗುಸುಗುಸು ಅಂದಿದ್ದು ನನಗೂ ಕೇಳಿಸ್ತು. ನನ್ನನ್ನ ಮೆಚ್ಚಿಸೋಕೂ ನೀನು ನಾಟಕ ಆಡ್ಲಿಲ್ಲ. ಇವಳ ಹತ್ರಾನೂ ಆಡಲ್ಲ ಬಿಡು." ಅನ್ನಕ್ಕೆ ಕೈಹಾಕಿದರು. "ಭಾನುವಾರ ನಿನ್ನ ಪ್ರಾರ್ಥನೆ ಮುಗಿಸ್ಕೊಂಡು ಬಾ, ವಾದ ಮಾಡೋಣ. ಈಗ ಉಣ್ಣು, ಆರಿಹೋಗ್ತಿದೆ."

ಊಟವಾದ ಮೇಲೆ ಅವನಿಗೆ ಕೈತೊಳೆಯಲು ನೀರು ಕೊಡುವಾಗ ಅವಳ ಕಣ್ಣು ತುಂಬಿತ್ತು.

"ಹಾಗೆ ಕೇಳಬಾರದಿತ್ತು ನಾನು. ತಪ್ಪಾಯ್ತು. ಆದ್ರೆ ನನಗಿನ್ನೂ ನಿಮ್ಮ ನಂಬಿಕೆ ಬಂದಿಲ್ಲ ಕಣ್ರೀ. ಸುಳ್ಳುಸುಳ್ಳೇ ಕಣ್ಣು ಮುಚ್ಚೋಕೆ ನನ್ನಿಂದಾಗಲ್ಲ."

"ಮುಚ್ಬೇಡಿ. ನಾನು ಕಣ್ಣು ಬಿಟ್ಟಾಗ ಎದುರಿಗಿದ್ರೆ ಸಾಕು."

"ದಿನಾನಾ?"

"ದಿನಾ."

"ಪ್ರಶ್ನೆ ಕೇಳೋದು ಮಾತ್ರ ಬಿಡಲ್ಲ ನಾನು!"

"ಕೇಳಿ. ಅದಕ್ಕೂ ಒಂದು ಥ್ಯಾಂಕ್ಸ್ ಸೇರಿಸ್ತೀನಿ."