ಬಾದಾಮ್‌ಗೆ ಹಸಿವಿರಲಿಲ್ಲ

"ಒಂದು ಚಿಟಿಕೆ ಅಂದ್ರೆ ಎಷ್ಟೇ?"

ಮೋನಿಷಾ ಹೀಗೆ ಕೇಳುವ ಹೊತ್ತಿಗೆ ಫರ್ಹೀನ್ ಗೇಟಿನ ಹತ್ತಿರ ಹೋಗಿಯಾಗಿತ್ತು. ಹೊರಗೆ ಅವಳ ಅಬ್ಬಾ ಖಾದರ್ ಬಾಷಾ ಕಾರ್ ಸ್ಟಾರ್ಟ್ ಮಾಡಿಕೊಂಡು ಹಾರ್ನ್ ಒತ್ತುತ್ತಿದ್ದರು.

"ಚಿಟಿಕೆ ಅಂದ್ರೆ ಚಿಟಿಕೆ ಕಣೇ. ಬೆಳಿಗ್ಗೆ ಒಂದು, ಸಂಜೆ ಒಂದು. ಅಷ್ಟೇ."

"ತೋರ್ಸೇ."

ಫರ್ಹೀನ್ ಎರಡು ಬೆರಳು ಮೇಲೆತ್ತಿದಳು. ಆದರೆ ಅವಳ ಕೈ ತುಂಬ ಹಸಿ ಮೆಹೆಂದಿ ಇತ್ತು. ಬೆರಳಿಗೆ ಬೆರಳು ತಾಗಿಸುವ ಹಾಗಿರಲಿಲ್ಲ. ಗಾಳಿಯಲ್ಲೇ ಏನನ್ನೋ ಹಿಡಿದವಳಂತೆ ಮಾಡಿ, "ಇಷ್ಟು," ಎಂದಳು.

ಎಷ್ಟು ಅಂತ ಮೋನಿಷಾಗೆ ಗೊತ್ತಾಗಲಿಲ್ಲ.

"ಈ ಮೀನುಗಳ್ಗೆ ಹೊಟ್ಟೆನೇ ಇಲ್ಲ ಕಣೇ, ಸೀಹಾರ್ಸ್ ಥರ. ತಿಂದಿದ್ದೆಲ್ಲ ಸೀದಾ ಹೋಗ್ಬಿಡುತ್ತೆ. ಎಷ್ಟು ಕೊಟ್ರೂ ಇನ್ನೂ ಬೇಕು ಅಂತ ಬರ್ತಾವೆ. ನೀನು ಕೊಡ್ಬೇಡ. ಡೌಟ್ ಬಂದ್ರೆ ಫೋನ್ ಮಾಡು."

"ನಂಗೆ ಗೊತ್ತು ಹೋಗೇ. ಮೀನಿಗೆ ಊಟ ಹಾಕೋಕೂ ಫೋನ್ ಮಾಡ್ಬೇಕಾ?"

ಫರ್ಹೀನ್ ನಕ್ಕು, ಮೊಣಕೈಯಿಂದ ಗೇಟು ತಳ್ಳಿಕೊಂಡು ಓಡಿದಳು. ಚಿಂತಾಮಣಿಯಲ್ಲಿ ಅವಳ ಚಿಕ್ಕಮ್ಮ ಗಜಾಲಾಳ ಮದುವೆ. ದಸರಾ ರಜೆ ಮುಗಿಯುವವರೆಗೂ ಅವರೆಲ್ಲ ಅಲ್ಲೇ.

ಫರ್ಹೀನ್‌ಗೆ ನಿಜವಾಗಿ ಬೇಕಾಗಿದ್ದದ್ದು ಸೀಹಾರ್ಸ್, ಅಂದರೆ ಕಡಲ್ಗುದುರೆ. ವಿಡಿಯೋದಲ್ಲಿ ನೋಡಿ ಹಟ ಹಿಡಿದಿದ್ದಳು. "ಅದನ್ನ ಮನೇಲಿ ಸಾಕೋ ಹಾಗಿಲ್ಲ ಬೇಟಾ, ಕಾನೂನೇ ಬಿಡಲ್ಲ," ಎಂದು ಅವಳ ಅಬ್ಬಾ ಎರಡು ಗೋಲ್ಡ್‌ಫಿಶ್ ತಂದುಕೊಟ್ಟಿದ್ದರು. ಬೆಳ್ಳಗಿದ್ದದ್ದು ಶಕ್ಕರ್. ಕಂದು ಮಚ್ಚೆ ಇದ್ದದ್ದು ಬಾದಾಮ್. ಮನೆಗೆ ಬಂದ ನೆಂಟರ ಮಕ್ಕಳು ಗಾಜು ಮುಟ್ಟಿದರೂ ಫರ್ಹೀನ್ ಸಿಡುಕುತ್ತಿದ್ದಳು. ಅಂಥವಳು ಗಾಜಿನ ತೊಟ್ಟಿಯನ್ನೇ ತಂದು ಮೋನಿಷಾಳ ಮನೆಯ ಟಿ.ವಿ. ಪಕ್ಕ ಇಡಿಸಿ ಹೋಗಿದ್ದಳು. ಬೀದಿಯಲ್ಲಿ ಇನ್ನೂ ಎಷ್ಟೋ ಗೆಳತಿಯರಿದ್ದರೂ ತನ್ನನ್ನೇ ನಂಬಿದಳಲ್ಲ ಎಂದು ಮೋನಿಷಾಗೆ ಹೆಮ್ಮೆ.

ಸಂಜೆ ಮೀನಿನ ಊಟದ ಡಬ್ಬಿ ತೆರೆದಾಗ ಮತ್ತೆ ಅದೇ ಪ್ರಶ್ನೆ. ಒಂದು ಚಿಟಿಕೆ ಎಂದರೆ ಎಷ್ಟು?

ಅಡುಗೆಮನೆಯಲ್ಲಿ ಅಮ್ಮ ಸರಳಾ ಒಗ್ಗರಣೆಗೆ ಅರಿಶಿನ ಹಾಕುತ್ತಿದ್ದಳು. ಅವಳ ಚಿಟಿಕೆಯಲ್ಲಿ ಏನಾದರೂ ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಅಜ್ಜಿ ಮುನಿಯಲ್ಲಮ್ಮನದು ಬೇರೆ ಲೆಕ್ಕ. ಐದು ಬೆರಳೂ ಸೇರಿಸಿ ಉಪ್ಪು ಎತ್ತಿ ಸಾರಿಗೆ ಹಾಕಿ, "ಒಂದ್ ಚಿಟ್ಕೆ ಆಕಿವ್ನಿ," ಎನ್ನುತ್ತಿದ್ದಳು. ಮೋನಿಷಾ ಯೋಚಿಸಿದಳು. ಅಮ್ಮನದು ತೀರಾ ಕಮ್ಮಿ, ಅಜ್ಜಿಯದು ತೀರಾ ಜಾಸ್ತಿ. ಮೂರು ಬೆರಳು ಸೇರಿಸಿ ಎಷ್ಟು ಬರುತ್ತದೋ ಅಷ್ಟು ಸರಿ ಇರಬೇಕು.

ಕೆಂಪು ಕಾಳುಗಳು ನೀರಿನ ಮೇಲೆ ಬಿದ್ದವು. ಶಕ್ಕರ್ ಮತ್ತು ಬಾದಾಮ್ ನುಗ್ಗಿ ಬಂದು ಗುಳುಂ ಗುಳುಂ ಎಂದು ತಿಂದವು. ತಿಂದು ಮುಗಿಸಿ ಗಾಜಿನ ಹತ್ತಿರ ಬಂದು ಮೋನಿಷಾಳನ್ನೇ ನೋಡಿದವು.

ಹಿಂದೆ ನಿಂತಿದ್ದ ಅಜ್ಜಿ ಬಗ್ಗಿ ನೋಡಿ, "ಪಾಪ, ಬಾಯ್ ಬಾಯ್ ಬಿಡ್ತಾವೆ. ಅಸಿವು ಕಣವ್ವ ಅವುಕ್ಕೆ," ಎಂದಳು.

"ಅಷ್ಟೇ ಕೊಡ್ಬೇಕಂತೆ ಅಜ್ಜಿ. ಫರ್ಹೀನ್ ಹೇಳಿದ್ಲು."

"ಅವ್ಳೇಳಿದ್ದು ಇರ್ಲಿ. ಇಂಗೆ ಬಾಯ್ ಬಿಟ್ಕಂಡು ನೋಡ್ತಿದ್ರೆ ನಾವ್ ಎಂಗವ್ವ ಉಣ್ಣಾದು?"

ಮೋನಿಷಾ ಇನ್ನೊಂದು ಚಿಟಿಕೆ ಹಾಕಿದಳು. ಅದೂ ಖಾಲಿಯಾಯಿತು.

ಮರುದಿನದಿಂದ ಮಧ್ಯಾಹ್ನದ ಊಟವೂ ಶುರುವಾಯಿತು. ಆಮೇಲೆ, ಮೋನಿಷಾ ಬಿಸ್ಕತ್ತು ತಿನ್ನುವಾಗ ಅವಕ್ಕೂ ಸ್ವಲ್ಪ. ಅವಳು ಎದ್ದು ಟಿ.ವಿ. ಕಡೆ ನಡೆದರೆ ಸಾಕು, ಎರಡೂ ಮೀನು ಬಾಲ ಬಡಿಯುತ್ತ ಓಡಿ ಬರುತ್ತಿದ್ದವು. ಫರ್ಹೀನ್ ಕರೆದರೂ ಇಷ್ಟು ಬೇಗ ಬರುವುದಿಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ. ವಾಪಸ್ ಬಂದಾಗ ಫರ್ಹೀನ್‌ಗೆ ಇದನ್ನು ತೋರಿಸಬೇಕು ಎಂದುಕೊಂಡಳು.

ಒಂದು ಬೆಳಿಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು. ತಳದಲ್ಲಿ ಕಾಳುಗಳು ನೆನೆದು ಊದಿಕೊಂಡು ಬಿದ್ದಿದ್ದವು. ಎರಡೂ ಮೀನು ಮೇಲೆ, ನೀರು ಮುಗಿಯುವ ಅಂಚಿನಲ್ಲಿ ನಿಂತಿದ್ದವು. ಬಾಯಿ ತೆರೆಯುವುದು, ಮುಚ್ಚುವುದು. ತೆರೆಯುವುದು, ಮುಚ್ಚುವುದು.

ಹಸಿವು ಜಾಸ್ತಿಯಾಗಿದೆ ಎಂದುಕೊಂಡಳು ಮೋನಿಷಾ. ಬೇಗ ಬೇಗ ಡಬ್ಬಿ ತೆರೆದು ಕಾಳು ಹಾಕಿದಳು.

ಅವು ತಿನ್ನಲಿಲ್ಲ. ಕಾಳುಗಳು ಬಾದಾಮ್‌ನ ಮುಖಕ್ಕೇ ತಾಗಿ ತೇಲುತ್ತ ಹೋದವು.

ಮೋನಿಷಾಗೆ ಹೆದರಿಕೆಯಾಯಿತು. ಏನೋ ಸರಿ ಇಲ್ಲ. ಅಮ್ಮನಿಗೆ ಹೇಳೋಣವೆಂದರೆ ಅವಳು ಹೆಬ್ಬಾಳದ ಅಂಗಡಿಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಅಷ್ಟರಲ್ಲಿ ಅಮ್ಮನ ಫೋನೇ ರಿಂಗ್ ಆಯಿತು.

"ಮೋನಿ, ಫರ್ಹೀನ್ ಕಣೇ. ಬೇಗ ಮಾತಾಡು, ನಂಗೆ ಲೇಟಾಯ್ತು," ಎಂದು ಅಮ್ಮ ಫೋನ್ ಕೊಟ್ಟಳು.

ಫೋನಿನಲ್ಲಿ ಮದುವೆಮನೆಯ ಗದ್ದಲ. ಯಾರೋ ನಗುತ್ತಿದ್ದರು, ಎಲ್ಲೋ ಪಾತ್ರೆ ಬಿದ್ದ ಸದ್ದು.

"ಹೇಗಿದಾವೇ ನನ್ನ ಮಕ್ಳು?" ಎಂದಳು ಫರ್ಹೀನ್.

ಮೋನಿಷಾ ತೊಟ್ಟಿಯ ಕಡೆ ನೋಡಿದಳು. ನೀರು ಬೆಳ್ಳಗಾಗಿದೆ ಎಂದು ಹೇಳಬಹುದಿತ್ತು. ಆ ಮಾತು ಬಾಯಿಯವರೆಗೂ ಬಂತು. ಆದರೆ 'ನಂಗೆ ಗೊತ್ತು ಹೋಗೇ' ಎಂದು ಕಳಿಸಿದವಳು ಅವಳೇ.

"ಚೆನ್ನಾಗಿದಾವೆ," ಎಂದಳು.

"ವಿಡಿಯೋ ಆನ್ ಮಾಡೇ. ಒಂದ್ಸಲ ನೋಡ್ತೀನಿ."

"ನೆಟ್ ಇಲ್ಲ ಕಣೇ."

"ಹೌದಾ? ಹೋಗ್ಲಿ ಬಿಡು. ನೀನಿದೀಯಲ್ಲ."

ಫೋನ್ ಇಟ್ಟ ಮೇಲೆ ಮೋನಿಷಾ ಟಿ.ವಿ. ಹಾಕಿಕೊಂಡು ಕೂತಳು. ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ಮರುದಿನ ಬಾದಾಮ್ ಒಂದು ಮಗ್ಗುಲಾಗಿ ತೇಲುತ್ತಿತ್ತು. ಮೋನಿಷಾ ಗಾಜು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಆಮೇಲೆ "ಅಮ್ಮಾ" ಎಂದು ಕರೆದಳು.

ಸರಳಾ ಹತ್ತಿರ ಬಂದವಳೇ ಮೂಗಿಗೆ ಸೆರಗು ಹಿಡಿದಳು. "ಅಯ್ಯೋ, ನೀರು ನಾರ್ತಿದೆಯಲ್ಲೇ. ಎಷ್ಟು ಹಾಕಿದೀಯ ಊಟ?"

ಅಜ್ಜಿ ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ತಿರುವುತ್ತಿದ್ದಳು. "ನಾನೇ ಆಕು ಅಂದೆ," ಎಂದು ಮೆಲ್ಲಗೆ ಹೇಳಿದಳು.

ಅಮ್ಮ ಬಾದಾಮ್‌ನನ್ನು ಲೋಟದಲ್ಲಿ ಎತ್ತಿದಳು. ತೊಟ್ಟಿಯ ಅರ್ಧ ನೀರು ತೆಗೆದು, ತಳದ ಕಾಳೆಲ್ಲ ಚಮಚದಲ್ಲಿ ಬಾಚಿ ಎಸೆದಳು. ಹಿಂದಿನ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರನ್ನು ನಿಧಾನವಾಗಿ ಸುರಿದಳು. ಅರ್ಧ ಗಂಟೆಯ ಕೆಲಸವೂ ಅಲ್ಲ.

ಮೋನಿಷಾ ಮತ್ತು ಅಜ್ಜಿ ಕಾಂಪೌಂಡಿನ ನುಗ್ಗೆಗಿಡದ ಬುಡದಲ್ಲಿ ಗುಂಡಿ ತೋಡಿದರು. ಬಾದಾಮ್ ಬಹಳ ಹಗುರವಾಗಿತ್ತು.

ಸಂಜೆಯ ಹೊತ್ತಿಗೆ ಶಕ್ಕರ್ ಮೇಲಿನಿಂದ ಕೆಳಗಿಳಿದಿತ್ತು. ತಳದ ಕಲ್ಲುಗಳ ನಡುವೆ ಮೂಗು ತೂರಿಸುತ್ತ ಓಡಾಡುತ್ತಿತ್ತು. ಬಾಯಿ ಬಿಡುತ್ತಿರಲಿಲ್ಲ. ಇವತ್ತು ಅದಕ್ಕೆ ಯಾರೂ ಏನೂ ಹಾಕಿರಲಿಲ್ಲ.

ಮೋನಿಷಾ ತುಂಬ ಹೊತ್ತು ನೋಡುತ್ತ ಕೂತಳು. ಹಾಗಾದರೆ ಅವಕ್ಕೆ ಹಸಿವಾಗಿರಲಿಲ್ಲ. ಆ ಹೊಲಸು ನೀರಿನಲ್ಲಿ ಉಸಿರು ಸಿಗದೆ ಮೇಲೆ ಬಂದಿದ್ದವು. ಅವು ಬಾಯಿ ಬಿಟ್ಟು ಉಸಿರು ಕೇಳುತ್ತಿದ್ದಾಗ ತಾನು ಊಟ ಹಾಕಿದ್ದಳು.

"ಫರ್ಹೀನ್‌ಗೆ ಫೋನ್ ಮಾಡಿ ಹೇಳ್ಬಿಡು," ಎಂದಳು ಅಮ್ಮ.

"ಮದುವೇಲಿ ಅಳ್ತಾಳಮ್ಮ. ಬಂದ್ಮೇಲೆ ಹೇಳ್ತೀನಿ."

ಫರ್ಹೀನ್ ಬಂದಾಗ ಕೈಯಲ್ಲಿ ಮೋನಿಷಾಗೆಂದು ತಂದ ಹಸಿರು ಬಳೆಗಳ ಡಬ್ಬಿ ಇತ್ತು. ಮೆಹೆಂದಿ ಕಡುಗೆಂಪಾಗಿತ್ತು. ನೇರವಾಗಿ ತೊಟ್ಟಿಯ ಹತ್ತಿರ ಹೋದಳು. ಬಗ್ಗಿ ನೋಡಿದಳು. ತೊಟ್ಟಿಯ ಆ ಕಡೆಗೆ ಹೋಗಿ ನೋಡಿದಳು.

"ಬಾದಾಮ್ ಎಲ್ಲಿ?"

"ಸತ್ತೋಯ್ತು ಕಣೇ. ನೀರು ಕೆಟ್ಟೋಗಿತ್ತು."

ಫರ್ಹೀನ್ ಅಲ್ಲೇ ನೆಲದ ಮೇಲೆ ಕೂತಳು. ಅಳಲಿಲ್ಲ. "ನಂದೇ ತಪ್ಪು," ಎಂದಳು. "ಹೊರಡೋ ಮುಂಚೆ ನೀರು ಬದಲಾಯ್ಸು ಅಂತ ಅಬ್ಬಾ ಹೇಳಿದ್ರು. ನಾನು ಮೆಹೆಂದಿ ಹಚ್ಚಿಸ್ಕೊಂಡ್ ಕೂತ್ಬಿಟ್ಟೆ. ಕೈ ಒದ್ದೆ ಮಾಡ್ಬಾರ್ದಲ್ಲ. ಅದಕ್ಕೇ ನೀರು ಕೆಟ್ಟಿದ್ದು ಅಲ್ವಾ?"

ಮೋನಿಷಾ ಬಾಗಿಲ ಕಡೆ ನೋಡಿದಳು. ಅಮ್ಮ ಕೆಲಸದಿಂದ ಬಂದಿರಲಿಲ್ಲ. ಅಜ್ಜಿ ಹಿತ್ತಲಲ್ಲಿದ್ದಳು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

"ಇರ್ಬೋದು," ಎಂದಳು.

ಶಾಲೆ ಶುರುವಾಯಿತು. ಕ್ಲಾಸಿನ ಹುಡುಗಿಯರೆಲ್ಲ ಫರ್ಹೀನ್‌ಳ ಕೈ ಹಿಡಿದು, "ಎಷ್ಟು ಚೆನ್ನಾಗಿ ಬಂದಿದೆಯೇ ಕಲರ್," ಎಂದರು. ಅವಳು ಕೈ ಎಳೆದುಕೊಂಡು ಡೆಸ್ಕಿನ ಕೆಳಗೆ ಇಟ್ಟುಕೊಂಡಳು. ಊಟದ ಬಿಡುವಿನಲ್ಲಿ ಮೋನಿಷಾ ಅವಳನ್ನು ಹುಡುಕಿಕೊಂಡು ಹೋದರೆ, ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಸೋಪು ಹಚ್ಚಿ ಅಂಗೈ ಉಜ್ಜುತ್ತಿದ್ದಳು. ಅಂಗೈ ಕೆಂಪಗಾಗಿತ್ತು. ಮೆಹೆಂದಿ ಮಾತ್ರ ಹಾಗೇ ಇತ್ತು.

"ಏನ್ ಮಾಡ್ತಿದೀಯೇ?"

"ಇದನ್ನ ನೋಡಿದ್ರೆ ಆಗಲ್ಲ ಕಣೇ. ಹೋಗ್ತಾನೇ ಇಲ್ಲ."

ಮೋನಿಷಾ ನಲ್ಲಿ ನಿಲ್ಲಿಸಿದಳು.

"ನೀನಲ್ಲ," ಎಂದಳು. "ನಾನು. ಚಿಟಿಕೆ ಚಿಟಿಕೆ ಅಂತ ದಿನಾ ಜಾಸ್ತಿ ಹಾಕ್ದೆ. ಮಧ್ಯಾಹ್ನನೂ ಹಾಕ್ದೆ. ಅದು ಕೊಳೆತು ನೀರು ಕೆಟ್ಟಿದ್ದು."

ಫರ್ಹೀನ್ ಒದ್ದೆ ಕೈಗಳನ್ನು ಹಾಗೇ ಹಿಡಿದು ನಿಂತಳು. "ನೀರು ಬೆಳ್ಳಗಾಗಿತ್ತಾ?"

"ಹೂಂ."

"ಯಾವಾಗ?"

ಮೋನಿಷಾ ನಿಲ್ಲಿಸಿದ್ದ ನಲ್ಲಿಯನ್ನೇ ಇನ್ನೂ ಬಿಗಿಯಾಗಿ ತಿರುಗಿಸಿದಳು.

"ನಾನು ಫೋನ್ ಮಾಡಿದ್ದಾಗ ಬೆಳ್ಳಗಿತ್ತಾ?"

"ಹೂಂ."

"ನೆಟ್ ಇಲ್ಲ ಅಂದೆ."

"ಇತ್ತು," ಎಂದಳು ಮೋನಿಷಾ.

ಪಕ್ಕದ ನಲ್ಲಿಗೆ ಚಿಕ್ಕ ಮಕ್ಕಳು ಬಂದು ಬಾಟಲಿ ತುಂಬಿಸಿಕೊಂಡು ಹೋದರು.

"ಜಾಸ್ತಿ ಹಾಕಿದ್ದು ಬಿಡು," ಎಂದಳು ಆಮೇಲೆ. "ನಾನೂ ಮೊದಲು ಹಾಕಿದೀನಿ. ಆವತ್ತು ಹೇಳಿದ್ರೆ, ಅರ್ಧ ನೀರು ತೆಗಿ ಅಂತಿದ್ದೆ. ಅಷ್ಟೇ ಕಣೇ ಮಾಡ್ಬೇಕಾಗಿದ್ದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನಿಸಿತು ಮೋನಿಷಾಗೆ. 'ನೀನಿದೀಯಲ್ಲ' ಎಂದು ಆವತ್ತು ಫೋನಿನಲ್ಲಿ ಹೇಳಿದ ಹುಡುಗಿ ಈಗ ತನ್ನ ಮುಖವನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು.

ಬೆಲ್ ಆಯಿತು. ಫರ್ಹೀನ್ ಕೈಯನ್ನು ಯೂನಿಫಾರ್ಮಿಗೆ ಒರೆಸಿಕೊಂಡು ಕ್ಲಾಸಿಗೆ ಹೋದಳು.

ಶಾಲೆ ಬಿಟ್ಟ ಮೇಲೆ ಅವಳು ಕಾಯಲಿಲ್ಲ. ಮೋನಿಷಾ ಅವಳ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆದಳು. ಓಡಿ ಹೋಗಿ ಜೊತೆಯಾಗಬಹುದಿತ್ತು. ಸಾರಿ ಎಂದು ಒಮ್ಮೆ, ಮತ್ತೊಮ್ಮೆ ಹೇಳಬಹುದಿತ್ತು. ಆದರೆ ಫರ್ಹೀನ್ ಈಗ ಒಬ್ಬಳೇ ನಡೆಯಬೇಕು ಎಂದುಕೊಂಡಿದ್ದಾಳೆ ಎಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಸರ್ವಿಸ್ ರೋಡಿನ ಹತ್ತಿರ ಫರ್ಹೀನ್ ನಿಂತಳು. ಏರ್‌ಪೋರ್ಟ್ ಕಡೆಯ ಕ್ಯಾಬುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅಲ್ಲಿ ಒಬ್ಬೊಬ್ಬರೇ ದಾಟಬೇಡಿ ಎಂದು ಇಬ್ಬರ ಮನೆಯಲ್ಲೂ ಹೇಳಿದ್ದರು. ಅವಳು ತಿರುಗಿ ನೋಡಲಿಲ್ಲ. ಆದರೆ ವಾಹನ ಕಡಿಮೆಯಾದರೂ ದಾಟದೆ ನಿಂತೇ ಇದ್ದಳು. ಮೋನಿಷಾ ಹೋಗಿ ಪಕ್ಕದಲ್ಲಿ ನಿಂತಳು.

ಇಬ್ಬರೂ ದಾಟಿದರು. ಕೈ ಹಿಡಿದುಕೊಳ್ಳಲಿಲ್ಲ.

ದಾಟಿದ ಮೇಲೆ ಫರ್ಹೀನ್ ಮತ್ತೆ ಮುಂದೆ ನಡೆದಳು. ಮೋನಿಷಾ ಅವಳನ್ನು ಕೂಗಲಿಲ್ಲ. ಅವಳ ನಡಿಗೆ ನಿಧಾನವಾದಾಗ ತಾನೂ ನಿಧಾನ ಮಾಡುತ್ತ, ಹಿಂದೆಯೇ ಹೋದಳು.